ಅಲ್ ಖೋರಿನಲ್ಲಿ ಒಂದು ‘ಮಾಫಿ ಟಚ್’

ಮೊದಲೇ ಹೇಳಿಬಿಡುತ್ತೇನೆ, ಇದು ಹೊಟ್ಟೆಕಿಚ್ಚಿನ ಬರಹ. ಕತಾರಿಗೆ ಹೋಗಿ ಬಂದವರು ಎತ್ತರದ ಕಟ್ಟಡ, ಚಿನ್ನದಂಗಡಿ ಅಂತೆಲ್ಲ ಬರೆಯುತ್ತಾರೆ. ನಾನು ಹುಲ್ಲಿನ ಬಗ್ಗೆ ಬರೆಯುತ್ತೇನೆ. ಪಡುಬಿದ್ರಿ ಹತ್ತಿರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಪಿ.ಟಿ. ಮಾಸ್ತರು. ಮುರಕಲ್ಲಿನ ನೆಲದ ಮೇಲೆ ಮಕ್ಕಳನ್ನು ಓಡಿಸಿ, ಬಿದ್ದವರ ಮೊಣಕಾಲಿಗೆ ಟಿಂಚರ್ ಹಚ್ಚಿ, ನನ್ನ ಮೊಣಕಾಲನ್ನೂ ಅಲ್ಲೇ ಕಳೆದುಕೊಂಡವನು.

ನನ್ನನ್ನು ಕರೆಸಿಕೊಂಡವನು ಉಸ್ಮಾನ್. ಕಾಲೇಜಿನಲ್ಲಿ ಇಬ್ಬರೂ ಒಂದೇ ವಾಲಿಬಾಲ್ ಟೀಮು. ಅವನು ಚೆಂಡು ಎತ್ತಿ ಕೊಡುವವನು, ನಾನು ಹೊಡೆಯುವವನು. ಚಪ್ಪಾಳೆಯೆಲ್ಲ ನನಗೆ. ಆಮೇಲೆ ಅವನು ಗಲ್ಫಿಗೆ ಹೋದ, ನಾನು ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಊರಲ್ಲಿ ಉಳಿದೆ. ಈಗ ಅವನು ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಸೂಪರ್‌ವೈಸರ್. ಹೆಂಡತಿ ಜೊಹರಾಳ ಜೊತೆ ಅಲ್ ಖೋರ್ ಎಂಬ ಕಡಲ ಬದಿಯ ಸಣ್ಣ ಊರಿನಲ್ಲಿ, ಕಂಪೆನಿ ಕೊಟ್ಟ ಮನೆಯಲ್ಲಿದ್ದಾನೆ. “ಏಪ್ರಿಲ್ ರಜೆಯಲ್ಲಿ ಬಾ ಮಾರಾಯ, ಹತ್ತು ದಿನ ಇದ್ದು ಹೋಗು” ಎಂದು ವೀಸಾವನ್ನೇ ಕಳಿಸಿಬಿಟ್ಟ.

ಮನೆ ಎದುರಿನ ಹುಲ್ಲು

ದೋಹಾದಿಂದ ಅಲ್ ಖೋರಿನವರೆಗೂ ಕಾರಿನ ಎರಡೂ ಬದಿ ಬೋಳು ನೆಲ. ಒಂದು ಆಡು ನಿಲ್ಲುವಷ್ಟೂ ನೆರಳಿಲ್ಲ. ‘ಪಾಪ, ಉಸ್ಮಾನ ಇಂಥ ಕಡೆ ಹೇಗೆ ದಿನ ತೆಗೀತಾನೋ’ ಎಂದು ನನಗೆ ಒಳಗೊಳಗೆ ಒಂದು ಸಮಾಧಾನ. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಸಮಾಧಾನವೇ ಆಗಿತ್ತು. ಅದು ಅವನ ಕಂಪೆನಿ ಕಾಲೊನಿಯ ಗೇಟಿನವರೆಗೆ ಮಾತ್ರ ಉಳಿಯಿತು.

ಗೇಟಿನ ಒಳಗೆ ಹುಲ್ಲು! ಎಕರೆಗಟ್ಟಲೆ, ಕಾರ್ಪೆಟ್ ಹಾಸಿದ ಹಾಗೆ. ನಡೆಯಲಿಕ್ಕೆ ಬೇರೆ ದಾರಿ, ಸೈಕಲ್ಲಿಗೆ ಬೇರೆ ದಾರಿ, ಮಕ್ಕಳಿಗೆ ಜಾರುಬಂಡಿ, ಈಜುಕೊಳ, ಟೆನಿಸ್ ಅಂಕಣ, ಅದರ ಪಕ್ಕದಲ್ಲಿ ದೀಪದ ಕಂಬಗಳಿರುವ ವಾಲಿಬಾಲ್ ಅಂಕಣ. ಇನ್ನೂರು ಹೆಜ್ಜೆಗೊಂದು ಕುಡಿಯುವ ನೀರಿನ ನಲ್ಲಿ, ಅದರಲ್ಲಿ ತಣ್ಣೀರು ಬೇರೆ. ನಮ್ಮೂರಲ್ಲಿ ಆಕಾಶವೇ ನಾಲ್ಕು ತಿಂಗಳು ಪುಕ್ಕಟೆ ನೀರು ಸುರಿಯುತ್ತದೆ. ಆದರೆ ಶಾಲೆಯ ಮೈದಾನದಲ್ಲಿ ಬೆಳೆಯುವುದು ನಾಚಿಕೆಮುಳ್ಳು ಮಾತ್ರ. ಮಳೆ ನಿಂತ ಮೇಲೆ ಯಾರದ್ದೋ ಸಭೆಯ ಶಾಮಿಯಾನಕ್ಕೆ ಗುಂಡಿ, ರಸ್ತೆ ಕಂತ್ರಾಟುದಾರರ ಜಲ್ಲಿ ರಾಶಿ. ಇಲ್ಲಿ ಹನಿ ಮಳೆ ಬಾರದ ನೆಲದಲ್ಲಿ ಹುಲ್ಲಿಗೆ ದಿನಕ್ಕೆ ಎರಡು ಸಲ ಸ್ನಾನ! ನನ್ನ ಹೊಟ್ಟೆಯಲ್ಲಿ ಮೊದಲ ಬೆಂಕಿ ಬಿದ್ದದ್ದು ಆಗಲೇ.

ಮರುದಿನ ಬೆಳಿಗ್ಗೆ ಚಪ್ಪಲಿ ಕಳಚಿಟ್ಟು ಆ ಹುಲ್ಲಿನ ಮೇಲೆ ನಡೆದೆ. ನಡುವೆ ನಿಂತು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ನೆಲದೊಳಗಿನಿಂದ ನಾಲ್ಕು ಕಡೆ ಪಿಚಕಾರಿಯ ಹಾಗೆ ನೀರು ಚಿಮ್ಮಿತು. ಅತ್ತ ಓಡಿದರೆ ಅತ್ತ, ಇತ್ತ ಓಡಿದರೆ ಇತ್ತ. ಬನಿಯನ್ನಿನವರೆಗೂ ಒದ್ದೆಯಾಗಿ ಮನೆಗೆ ಬಂದಾಗ ಜೊಹರಾ ಬಾಗಿಲಲ್ಲೇ ನಿಂತು ನಕ್ಕಳು.

“ಎಂತ ಮಾಸ್ಟ್ರೇ, ಮಳೆಗಾಲ ಊರಿಂದ ತಂದದ್ದಾ ನೀವು?”

ಹವೆಯಾದರೂ ಕೆಟ್ಟದ್ದಿರಬಾರದೇ? ಏಪ್ರಿಲ್ ಎಂದರೆ ನಮ್ಮಲ್ಲಿ ಸೆಕೆ, ಸ್ನಾನ ಮಾಡಿ ಮೈ ಒರೆಸುವಾಗಲೇ ಬೆವರು. ಇಲ್ಲಿ ಬೆಳಗ್ಗೆ ಕಡಲ ಗಾಳಿ, ಅಂಗಿ ಅಂಟುವುದಿಲ್ಲ. ನಾನು ಹಾಗೆಂದಾಗ ಜೊಹರಾ ಕೈ ಬೀಸಿದಳು. “ಜೂನಲ್ಲಿ ಬನ್ನಿ, ಆಗ ಗೊತ್ತಾಗ್ತದೆ. ನಲ್ಲಿ ತಿರುಗಿಸಿದ್ರೆ ಬಿಸಿನೀರೇ ಬರುದು. ಹಗಲು ಒಂದು ನಾಯಿ ಸಹ ಹೊರಗೆ ಬರುದಿಲ್ಲ. ಸಂಜೆ ದೀಪ ಹಾಕಿದ ಮೇಲೆ ಒಂದೆರಡು ಗಂಟೆ ಮಾತ್ರ ನಮ್ಮ ಜೀವನ.” ಮಂದಿಯ ಕಣ್ಣು ತಾಗಬಾರದೆಂದು ಹಾಗೆ ಹೇಳುತ್ತಿದ್ದಾಳೆ ಎಂದು ನಾನು ಅಂದುಕೊಂಡೆ.

ಕಾಂಡ್ಲಾ ನೋಡಲು ದೋಣಿ

ಊರಿನ ಹೊರಗೆ, ಸಮುದ್ರದ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ಕಾಡಿದೆ. ನಮ್ಮ ಹೊಳೆಬದಿಯಲ್ಲಿ ಬೆಳೆಯುವುದೇ ಆ ಗಿಡ. ನಮ್ಮಲ್ಲಿ ಅದರ ಬುಡಕ್ಕೆ ಜನ ಪ್ಲಾಸ್ಟಿಕ್ ಚೀಲ ಕಟ್ಟಿ ಕಸ ಎಸೆಯುತ್ತಾರೆ. ಇಲ್ಲಿ ಅದನ್ನು ನೋಡಲೆಂದೇ ಕುಟುಂಬ ಸಮೇತ ಬರುತ್ತಾರೆ, ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತಾರೆ. ಅರಬರು ಮರಳಿನ ಮೇಲೆ ಜಮಖಾನ ಹಾಸಿ, ಚಹಾದ ಫ್ಲಾಸ್ಕು ನಡುವೆ ಇಟ್ಟು, ಗಂಟೆಗಟ್ಟಲೆ ಏನೂ ಮಾಡದೆ ಕೂತಿದ್ದರು. ಹೀಗೆ ಏನೂ ಮಾಡದೆ ಹೊರಗೆ ಕೂರಲು ನಮ್ಮೂರಲ್ಲಿ ಬಿಡುತ್ತಾರೆಯೇ? “ಎಂತ ಮಾಸ್ಟ್ರೇ ಇಲ್ಲಿ? ಹುಷಾರಿಲ್ವಾ?” ಎಂದು ಹತ್ತು ಜನ ಕೇಳುತ್ತಾರೆ.

ಇಲ್ಲಿನ ಜನರ ವಿನಯ ಕಂಡು ಇನ್ನಷ್ಟು ಉರಿಯಿತು. ದೋಹಾದಲ್ಲಿ ವಿಮಾನ ಇಳಿದಾಗ ಸಾಮಾನಿನ ಗಾಡಿ ಕೇಳಿದೆ. ಅಲ್ಲಿದ್ದವನು “ಮಾಫಿ” ಎಂದ. ಮನೆ ಹತ್ತಿರದ ಅಂಗಡಿಯ ಮಲಯಾಳಿಯ ಹತ್ತಿರ ಕನ್ನಡ ಪೇಪರ್ ಉಂಟಾ ಎಂದೆ. ಅವನೂ “ಮಾಫಿ.” ಸಾಲ ಮಾಫಿ ಅನ್ನುವುದಿಲ್ಲವೇ, ಅದೇ ಮಾಫಿ. ಒಂದು ಪೇಪರ್ ಇಲ್ಲದ್ದಕ್ಕೆ ಕ್ಷಮೆ ಕೇಳುವ ಅಂಗಡಿಯವನು! “ಪರವಾಗಿಲ್ಲ ಮಾರಾಯ, ಅದಕ್ಕೆಲ್ಲ ಎಂತಕ್ಕೆ” ಎಂದು ನಾನೇ ಅವನ ಭುಜ ತಟ್ಟಿದೆ. ನಮ್ಮ ಬಸ್ಸಿನ ಕಂಡಕ್ಟರುಗಳನ್ನು ಒಂದು ತಿಂಗಳು ಇಲ್ಲಿ ತಂದು ಬಿಡಬೇಕು ಎಂದು ಆ ದಿನ ನನ್ನ ಡೈರಿಯಲ್ಲಿ ಬರೆದೆ. ಡೈರಿ ಈಗಲೂ ಇದೆ, ಆ ಪುಟ ಹರಿದಿದ್ದೇನೆ.

ಶುಕ್ರವಾರದ ಫೈನಲ್

ಆ ವಾಲಿಬಾಲ್ ಅಂಕಣಕ್ಕೆ ಎರಡು ಟೀಮುಗಳಿದ್ದವು. ಒಂದು ಉಸ್ಮಾನನಂಥ ಕಂಪೆನಿ ಸ್ಟಾಫಿನದ್ದು. ಇನ್ನೊಂದು ಕ್ಯಾಂಪಿನವರದ್ದು: ಎ.ಸಿ. ರಿಪೇರಿ, ಪೈಪ್ ಕೆಲಸಕ್ಕೆ ಕಂತ್ರಾಟಿನ ಮೇಲೆ ಬಂದ, ಒಂದೊಂದು ಕೋಣೆಯಲ್ಲಿ ಎಂಟೆಂಟು ಜನ ಇರುವ ಕೆಲಸಗಾರರು. ಮೇ ತಿಂಗಳಿಂದ ಬೇಸಿಗೆಯ ವೇಳಾಪಟ್ಟಿ ಶುರು. ಆಗ ಆಡಲು ಆಗುವುದು ಎರಡೇ ಹೊತ್ತು. ಒಂದು ನಾಲ್ಕು ಗಂಟೆಗೆ, ಬಿಸಿಲಿನಲ್ಲಿ. ಇನ್ನೊಂದು ದೀಪ ಹಾಕಿದ ಮೇಲೆ, ತಂಪಿನಲ್ಲಿ. ದೀಪದ ಹೊತ್ತು ಯಾರಿಗೆ ಎಂಬುದನ್ನು ಪ್ರತಿವರ್ಷ ಒಂದು ಮ್ಯಾಚು ಆಡಿ ತೀರ್ಮಾನಿಸುವುದು ಅಲ್ಲಿನ ಪದ್ಧತಿ. ಸೋತವರಿಗೆ ನಾಲ್ಕು ಗಂಟೆ. ಕ್ಯಾಂಪಿನವರನ್ನು ಕೆಲಸದಿಂದ ತರುವ ಬಸ್ಸು ಬರುವುದೇ ಐದಕ್ಕೆ. ಅಂದರೆ ಸ್ಟಾಫಿನವರು ಸೋತರೆ ಬೆವರಬೇಕು, ಕ್ಯಾಂಪಿನವರು ಸೋತರೆ ಬೇಸಿಗೆ ಪೂರ್ತಿ ಆಟವೇ ಇಲ್ಲ.

“ನೀನೇ ಅಂಪೈರ್ ಆಗು. ಊರಿನ ಪಿ.ಟಿ. ಮಾಸ್ಟ್ರು ಅಂದ್ರೆ ಯಾರೂ ಮಾತಾಡುದಿಲ್ಲ” ಎಂದ ಉಸ್ಮಾನ್. ಒಪ್ಪಿದೆ. ಒಪ್ಪುವಾಗ ಮನಸ್ಸಿನಲ್ಲಿ ಒಂದೇ ಆಸೆ. ಉಸ್ಮಾನ್ ಸೋಲಬೇಕು. ಹುಲ್ಲೂ ಅವನದ್ದೇ, ತಣ್ಣೀರೂ ಅವನದ್ದೇ, ಇನ್ನು ಗೆಲುವೂ ಅವನಿಗೇ ಯಾಕೆ?

ಶುಕ್ರವಾರ ಅಲ್ಲಿ ರಜೆ. ಬೆಳಿಗ್ಗೆ ಏಳಕ್ಕೆ ಆಟ ಶುರುವಾಯಿತು. ಕ್ಯಾಂಪಿನ ಟೀಮಿನ ನಾಯಕ ವಿಟ್ಲದ ಲೋಕೇಶ, ಮೂವತ್ತರ ಆಸುಪಾಸಿನ ಎ.ಸಿ. ಮೆಕ್ಯಾನಿಕ್. ಉದ್ದ ಕೈಯವನು, ಬಲೆಯ ಮುಂದೆ ಕೈಯೆತ್ತಿ ಬ್ಲಾಕಿಗೆ ನಿಂತರೆ ಗೋಡೆ. ಎರಡು ಸೆಟ್ ಅವರು, ಎರಡು ಸೆಟ್ ಇವರು. ಐದನೆಯ ಸೆಟ್ ಹದಿನೈದಕ್ಕೆ. ಸ್ಟಾಫ್ ಹದಿನಾಲ್ಕು, ಕ್ಯಾಂಪ್ ಹದಿಮೂರು.

ಆಗ ಉಸ್ಮಾನ್ ಹಾರಿದ. ನಲವತ್ತೇಳರ ಮನುಷ್ಯ, ನನ್ನ ಓರಗೆಯವನು! ಚೆಂಡು ಎತ್ತಿಕೊಡುತ್ತಿದ್ದವನು ಈಗ ತಾನೇ ಹೊಡೆಯುವವನಾಗಿದ್ದ. ಆ ಮೊಣಕಾಲು ಮಡಚಿ ಬಿಚ್ಚಿದ ಚಂದ ನೋಡಿ ನನ್ನ ಹೊಟ್ಟೆ ಧಗಧಗ ಉರಿಯಿತು. ನಾನು ಚೆಂಡು ನೋಡಲಿಲ್ಲ, ಅವನ ಮೊಣಕಾಲನ್ನೇ ನೋಡುತ್ತಿದ್ದೆ. ಕಣ್ಣೆತ್ತುವಾಗ ಚೆಂಡು ಲೋಕೇಶನ ಬ್ಲಾಕಿನ ಮೇಲಿಂದ ಹೋಗಿ ಹಿಂದಿನ ಗೆರೆಯ ಆಚೆ ಬಿದ್ದಿತ್ತು.

ವಾಲಿಬಾಲ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಲೋಕೇಶನ ಕೈಗೆ ತಾಗಿ ಚೆಂಡು ಹೊರಗೆ ಬಿದ್ದಿದ್ದರೆ ಪಾಯಿಂಟು ಉಸ್ಮಾನನಿಗೆ, ಮ್ಯಾಚು ಅಲ್ಲಿಗೆ ಮುಗಿಯಿತು. ತಾಗದಿದ್ದರೆ ಪಾಯಿಂಟು ಕ್ಯಾಂಪಿಗೆ, ಹದಿನಾಲ್ಕು ಸಮ ಸಮ, ಆಮೇಲೆ ಎರಡು ಪಾಯಿಂಟು ಮುಂದಾದವರಿಗೆ ಗೆಲುವು. ನಾನು ನೋಡಿಲ್ಲ. ಏನು ಹೇಳಲಿ ಎನ್ನುವಷ್ಟರಲ್ಲಿ ಲೋಕೇಶನೇ ಎರಡೂ ಅಂಗೈ ನನ್ನತ್ತ ತೋರಿಸಿ ಕೂಗಿದ.

“ಮಾಫಿ ಟಚ್ ಸರ್! ಮಾಫಿ ಟಚ್!”

ಅಯ್ಯೋ ದೇವರೇ! ‘ಕ್ಷಮಿಸಿ ಸರ್, ತಾಗಿದೆ’ ಎಂದು ತಾನಾಗಿ ಒಪ್ಪಿಕೊಳ್ಳುತ್ತಿದ್ದಾನೆ! ಸೋಲು ಎದುರಿಗಿದ್ದೂ ಸತ್ಯ ಹೇಳುವವನು! ನಾನು ಸೀಟಿ ಊದಿದೆ. ಪಾಯಿಂಟು ಸ್ಟಾಫಿಗೆ. ಸ್ಟಾಫಿನವರು ಕುಣಿದರು. ಉಸ್ಮಾನ್ ಸೋಲಲಿಲ್ಲವಲ್ಲ ಎಂಬ ಬೇಸರ ನುಂಗಿಕೊಂಡು ಕುರ್ಚಿಯಿಂದ ಇಳಿದು ಹೋಗಿ ಲೋಕೇಶನ ಬೆನ್ನು ತಟ್ಟಿದೆ. ಎಲ್ಲರನ್ನೂ ಕರೆದು ಕನ್ನಡದಲ್ಲೂ ಹಿಂದಿಯಲ್ಲೂ ಐದು ನಿಮಿಷ ಭಾಷಣ ಬಿಗಿದೆ. “ಆಟದಲ್ಲಿ ಸೋತರೂ ಮನುಷ್ಯನಾಗಿ ಗೆದ್ದವನು ಈತ. ನಮ್ಮ ಊರಿನ ಹೆಸರು ಉಳಿಸಿದ!” ಲೋಕೇಶ ಬಾಯಿ ತೆರೆದ, ಮುಚ್ಚಿದ, ತಲೆ ತಗ್ಗಿಸಿದ. ಎಂಥ ಸಂಕೋಚದ ಸ್ವಭಾವ ಎಂದುಕೊಂಡೆ.

ಬಿನ್ ಒಮ್ರಾನಿನ ಅಂಗಡಿ

ಮರುದಿನ ಶನಿವಾರ ಬೆಳಿಗ್ಗೆ ಉಸ್ಮಾನ್ ನಮ್ಮನ್ನು ದೋಹಾಕ್ಕೆ ಕರೆದುಕೊಂಡು ಹೋದ. ಅವನಿಗೆ ಊರಿಗೆ ಹಣ ಕಳಿಸುವ ಕೆಲಸ. ನನ್ನನ್ನೂ ಜೊಹರಾಳನ್ನೂ ಬಿನ್ ಒಮ್ರಾನ್ ಎಂಬ ಬಡಾವಣೆಯ ಒಂದು ಅಂಗಡಿಯ ಎದುರು ಇಳಿಸಿದ. ಜೊಹರಾ ಕೋರಿರೊಟ್ಟಿಯ ಪ್ಯಾಕೆಟ್ ಕೇಳಿದಳು. ಅಂಗಡಿಯವನು ಕಪಾಟು ನೋಡಿ ಬಂದು “ಮಾಫಿ, ಸಿಸ್ಟರ್” ಎಂದ.

“ನೋಡಿ, ಎಷ್ಟು ಮರ್ಯಾದೆಯ ಜನ!” ಎಂದೆ ನಾನು. “ರೊಟ್ಟಿ ಇಲ್ಲದ್ದಕ್ಕೆ ಮಾಫಿ ಕೇಳ್ತಾನೆ.”

ಜೊಹರಾ ನನ್ನ ಮುಖ ನೋಡಿದಳು. “ಎಂತ ಮಾಫಿ ಕೇಳುದು ಮಾಸ್ಟ್ರೇ? ಮಾಫಿ ಅಂದ್ರೆ ‘ಇಲ್ಲ’ ಅಂತ. ಇಲ್ಲಿನ ಅರಬಿ ಮಾತು. ರೊಟ್ಟಿ ಇಲ್ಲ, ಮಾಫಿ. ನೀರು ಇಲ್ಲ, ಮಾಫಿ ನೀರು.”

ನಾನು ಅಕ್ಕಿ ಚೀಲದ ಮೇಲೆ ಕೂತುಬಿಟ್ಟೆ.

ಮಾಫಿ ಟಚ್. ಟಚ್ ಇಲ್ಲ. ತಾಗಿಲ್ಲ ಸರ್, ತಾಗಿಲ್ಲ ಎಂದು ಅವನು ಕೂಗಿದ್ದು. ವಿಟ್ಲದವನು, ನಮ್ಮ ಕಡೆಯವನು ಎಂದು ನಾನು ಅವನ ಮಾತಿಗೆ ಊರಿನ ಅರ್ಥ ಹಚ್ಚಿದ್ದೆ. ಅವನ ಪಾಯಿಂಟು ಕಿತ್ತುಕೊಂಡು, ಅವನ ಜನರ ಬೇಸಿಗೆಯನ್ನೇ ಕಿತ್ತುಕೊಂಡು, ಮೇಲಿಂದ ಬೆನ್ನು ಬೇರೆ ತಟ್ಟಿದ್ದೆ! ಜೊಹರಾ ನೀರು ತರಿಸಿಕೊಟ್ಟಳು. ಬಿಸಿಲು ತಾಗಿರಬೇಕು ಎಂದು ಅಂಗಡಿಯವನು ಫ್ಯಾನು ನನ್ನ ಕಡೆ ತಿರುಗಿಸಿದ.

ಕಾರಿನಲ್ಲಿ ಉಸ್ಮಾನನನ್ನು ಕೇಳಿದೆ. “ಮಾಫಿ ಅಂದ್ರೆ ಎಂತ ಅಂತ ನಿನಗೆ ನಿನ್ನೆ ಗೊತ್ತಿತ್ತಲ್ಲಾ?”

“ಇಪ್ಪತ್ತು ವರ್ಷ ಆಯ್ತು ಇಲ್ಲಿ. ಗೊತ್ತಿಲ್ದೆ ಉಂಟಾ?”

“ಮತ್ತೆ ಯಾಕೆ ಬಾಯಿ ಬಿಡಲಿಲ್ಲ?”

“ಅಂಪೈರ್ ನಾನಾ, ನೀನಾ?” ಎಂದ. ಸ್ವಲ್ಪ ದೂರ ಹೋದ ಮೇಲೆ ಮೆಲ್ಲ ಹೇಳಿದ. “ಹೋದ ವರ್ಷ ನಾಲ್ಕು ಗಂಟೆಯ ಬಿಸಿಲಿಗೆ ನಮ್ಮವರು ಇಬ್ರು ತಲೆ ತಿರುಗಿ ಬಿದ್ದಿದ್ರು. ನಂಗೂ ವಯಸ್ಸಾಯ್ತಲ್ಲ ಮಾರಾಯ. ಸುಮ್ಮನಿದ್ದೆ.”

ಐದು ಗಂಟೆಯ ಬಸ್ಸು

ಕ್ಯಾಂಪಿನವರಿಗೆ ಶನಿವಾರ ರಜೆಯಿಲ್ಲ. ಸಂಜೆ ಅವರ ಬಸ್ಸು ನಿಲ್ಲುವ ಕಡೆ ಹೋಗಿ ನಿಂತೆ. ಇಳಿದವರ ಹುಬ್ಬು, ಮೀಸೆಗಳಲ್ಲೆಲ್ಲ ಧೂಳು, ಅಂಗಿಯ ಬೆನ್ನಿನಲ್ಲಿ ಬೆವರಿನ ಉಪ್ಪು ಬಿಳಿಯಾಗಿ ಒಣಗಿತ್ತು. ನಾನು ಬಂದ ದಿನದಿಂದ ಹೊಗಳುತ್ತಿದ್ದ ತಂಪು ಹವೆಯಲ್ಲೇ ಇವರೂ ಇದ್ದರು, ಆದರೆ ಹಗಲಿಡೀ ತಗಡಿನ ಮಾಡಿನ ಮೇಲೆ. ಲೋಕೇಶ ಕಡೆಗೆ ಇಳಿದ. ಜೊತೆಯವರು ಅವನನ್ನು ಬಿಟ್ಟು ಮುಂದೆ ನಡೆದರು.

“ಲೋಕೇಶ, ಚೆಂಡು ತಾಗಿತ್ತಾ ಇಲ್ವಾ? ನಿಜ ಹೇಳು.”

“ಬಿಡಿ ಸರ್, ಖಲಾಸ್. ಆದದ್ದಾಯ್ತು.”

“ತಾಗಿತ್ತಾ?”

“ಇಲ್ಲ ಸರ್.”

“ಹಾಗಾದ್ರೆ ಯಾಕೆ ಜಗಳ ಮಾಡಲಿಲ್ಲ ನೀನು?”

ಅವನು ಟಿಫಿನ್ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ಮಾಡ್ಬೇಕು ಅಂತ ಬಾಯಿ ತೆಗೆದೆ ಸರ್. ಅಷ್ಟರಲ್ಲಿ ನೀವು ಬೆನ್ನು ತಟ್ಟಿದ್ರಿ. ಅಷ್ಟು ಜನರ ಎದುರು ಸತ್ಯವಂತ ಅಂತ ಹೊಗಳಿದ್ರಿ. ಇಲ್ಲಿಗೆ ಬಂದು ಆರು ವರ್ಷ ಆಯ್ತು, ನನ್ನನ್ನು ಯಾರೂ ಹಾಗೆ ಹೊಗಳಿದ್ದಿಲ್ಲ. ಆಮೇಲೆ ತಾಗಿಲ್ಲ ಅಂತ ಹೇಳುದು ಹೇಗೆ ಸರ್? ನಮ್ಮವರಿಗೆ ಅದೇ ಸಿಟ್ಟು. ‘ನಿಂಗೆ ಹೊಗಳಿಕೆ ಸಿಕ್ತು, ನಮ್ಗೆ ಬೇಸಿಗೆ ಹೋಯ್ತು’ ಅಂತಾರೆ. ನಿನ್ನೆಯಿಂದ ಯಾರೂ ನನ್ನತ್ರ ಮಾತಾಡುದಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಹೇಳಿಕೊಡುವವನು ನಾನು. ಸೀಟಿ ಊದಿದ ಮೇಲೆ ತೀರ್ಪು ತಿರುಗಿಸಿದವನಲ್ಲ, ಹೆಡ್‌ಮಾಸ್ಟರು ಹೇಳಿದರೂ ಕೇಳಿದವನಲ್ಲ. ಆ ಸಂಜೆ ಅಲ್ಲೇ ನಿಂತು ಲೋಕೇಶನಿಗೆ ಹೇಳಿದೆ. “ನಾಳೆ ನಿನ್ನ ಟೀಮು ಕರ್ಕೊಂಡು ಬಾ.”

ಮತ್ತೆ ಎರಡು ಪಾಯಿಂಟು

ಭಾನುವಾರ ಸಂಜೆ ಎರಡೂ ಟೀಮಿನವರು ಬಂದರು. ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ. “ಮಾಫಿ ಅಂದ್ರೆ ಕ್ಷಮೆ ಅಂತ ತಿಳ್ಕೊಂಡಿದ್ದೆ. ನನಗೆ ಗೊತ್ತಿರಲಿಲ್ಲ. ತಪ್ಪು ನನ್ನದು. ಚೆಂಡು ಔಟ್. ಹದಿನಾಲ್ಕು ಸಮ.” ಕ್ಯಾಂಪಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಮಲಯಾಳಿಯಂತೂ ನೆಲಕ್ಕೇ ಕೂತ. ಸ್ಟಾಫಿನವರು ಮುಖ ಸಿಂಡರಿಸಿದರು. ಇದೆಂಥ ನ್ಯಾಯ, ಎರಡು ದಿನದ ಮೇಲೆ ತೀರ್ಪು ಬದಲಿಸುವುದು ಎಲ್ಲಿಯಾದರೂ ಉಂಟೇ ಎಂದು ಗೊಣಗಿದರು. ಉಸ್ಮಾನ್ ಮಾತ್ರ “ಯಲ್ಲಾ, ಬನ್ನಿ, ಆಡುವ” ಎಂದು ತನ್ನ ಜಾಗಕ್ಕೆ ಹೋದ.

ಮೊದಲ ಪಾಯಿಂಟು ಕ್ಯಾಂಪಿಗೆ ಬಂತು. ಎರಡನೆಯದಕ್ಕೆ ಉಸ್ಮಾನ್ ಅದೇ ಜಾಗದಿಂದ, ಅದೇ ಹಾಗೆ ಹಾರಿದ. ಈ ಸಲ ನಾನು ಚೆಂಡು ಬಿಟ್ಟು ಬೇರೇನೂ ನೋಡಲಿಲ್ಲ. ಲೋಕೇಶನ ಎರಡೂ ಅಂಗೈಗೆ ಬಡಿದು ಅದು ಉಸ್ಮಾನನ ಕಾಲ ಬುಡಕ್ಕೇ ಬಿತ್ತು. ಹದಿನಾರು, ಹದಿನಾಲ್ಕು. ನನಗಾದ ಖುಷಿಯಲ್ಲಿ ಸೀಟಿ ಊದುವುದೇ ಮರೆತುಹೋಯಿತು.

ಕ್ಯಾಂಪಿನವರು ಲೋಕೇಶನನ್ನು ಎತ್ತಿ ಕುಣಿಸಿದರು, ಮಾತು ಬಿಟ್ಟಿದ್ದವರೇ. ಆಮೇಲೆ ಸಾಲಾಗಿ ಬಂದು ನನ್ನ ಕೈ ಕುಲುಕಿದರು. “ನಿಮ್ಮಂಥ ನ್ಯಾಯವಂತರನ್ನು ನೋಡಿಲ್ಲ ಸರ್” ಎಂದು ಲೋಕೇಶ ಕಾಲಿಗೆ ಬಗ್ಗಿದ. ಬೇಡ ಬೇಡ ಎಂದು ಹಿಂದೆ ಸರಿದೆ.

ನಿಲ್ದಾಣದ ದಾರಿ

ಮಂಗಳವಾರ ಮಧ್ಯಾಹ್ನ ನನ್ನ ವಿಮಾನ. ಉಸ್ಮಾನನೇ ಬಿಡಲು ಬಂದ. ಅರ್ಧ ದಾರಿಯವರೆಗೆ ಊರಿನ ಮಾತು, ಹಳೆಯ ಟೀಮಿನವರಲ್ಲಿ ಯಾರು ಎಲ್ಲಿದ್ದಾರೆ ಎಂಬ ಮಾತು. ಆಮೇಲೆ ಅವನು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

“ವಾಸು, ಒಂದು ಕೇಳ್ತೇನೆ. ಶುಕ್ರವಾರ ಗೆದ್ದದ್ದು ನಾನಲ್ಲ, ಬೇರೆ ಯಾರಾದ್ರೂ ಆಗಿದ್ರೆ ನೀನು ತೀರ್ಪು ತಿರುಗಿಸ್ತಿದ್ದಿಯಾ?”

ಹೌದು ಎನ್ನಲು ಬಾಯಿ ತೆರೆದೆ. ಲೋಕೇಶನ ಮುಖ ನೆನೆದೆ, ಬಸ್ಸಿನಿಂದ ಇಳಿದವರ ಬೆನ್ನು ನೆನೆದೆ. ಅದೆಲ್ಲ ಸುಳ್ಳಲ್ಲ. ಆದರೆ ಇಪ್ಪತ್ತೆರಡು ವರ್ಷದಲ್ಲಿ ತಪ್ಪೆಂದು ಗೊತ್ತಿದ್ದೂ ನಾನು ತಿರುಗಿಸದೆ ಬಿಟ್ಟ ತೀರ್ಪುಗಳೂ ನೆನಪಾದವು. ಅತ್ತುಕೊಂಡು ಮನೆಗೆ ಹೋದ ಮಕ್ಕಳ ಹೆಸರುಗಳೂ ಬಂದವು. ಅವರ ಎದುರು ಗೆದ್ದವರ ಮೇಲೆ ನನಗೆ ಯಾವ ಹೊಟ್ಟೆಕಿಚ್ಚೂ ಇರಲಿಲ್ಲ.

“ಇಲ್ಲ” ಎಂದೆ.

ಉಸ್ಮಾನನಿಗೆ ಸಿಟ್ಟು ಬರಲಿಲ್ಲ. “ನಂಗೆ ಗೊತ್ತಿತ್ತು” ಎಂದ. “ನೀನು ಬಂದ ದಿನವೇ ನೋಡಿದ್ದೆ. ಹುಲ್ಲು ನೋಡುವಾಗ ನಿನ್ನ ಮುಖ ಹೇಗಾಗಿತ್ತು ಅಂತ.”

ನಿಲ್ದಾಣದಲ್ಲಿ ಪೆಟ್ಟಿಗೆ ಇಳಿಸಿಕೊಟ್ಟ. ಕೈ ಹಿಡಿದುಕೊಂಡು ಹೇಳಿದ. “ಈ ಮಾತು ನಮ್ಮೊಳಗೇ ಇರ್ಲಿ, ಆಯ್ತಾ? ಕ್ಯಾಂಪಿನವರಿಗೆ ಗೊತ್ತಾಗುದು ಬೇಡ. ನೀನು ಸತ್ಯವಂತ ಅಂತ ಅವರು ಊರಿಗೆಲ್ಲ ಫೋನ್ ಮಾಡಿ ಹೇಳಿದ್ದಾರೆ.”

ಎಲ್ಲರೆದುರು ಬೆನ್ನು ತಟ್ಟಿಸಿಕೊಂಡ ಆ ಶುಕ್ರವಾರ ಲೋಕೇಶನಿಗೆ ಹೇಗಾಗಿತ್ತು ಎಂದು ನನಗೆ ಆಗ ಗೊತ್ತಾಯಿತು. ನಾನೂ ಬಾಯಿ ತೆರೆದೆ, ಮುಚ್ಚಿದೆ, ತಲೆ ತಗ್ಗಿಸಿ ಒಳಗೆ ಹೋದೆ.